ಮಾಳಿಗೆ ಮೇಲೆ ಮಣ್ಣು ಏರಿಸುವ ಮುಂಚೆ ದಯವಿಟ್ಟು ಓದಿ

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಈಗ ಆರು ಕಬ್ಬಿಣದ ಜಾಕಿಗಳು ಸ್ಲ್ಯಾಬಿಗೆ ಆಸರೆ ಕೊಟ್ಟು ನಿಂತಿವೆ. ಅವ್ವ ಇಷ್ಟು ವರ್ಷ ಮಲಗುತ್ತಿದ್ದ ಕೋಣೆ ಅದು. ಮಾಳಿಗೆ ಮೇಲೆ ತರಕಾರಿ ಬೆಳೆಯುವ ಆಸೆಗೆ ಬಿದ್ದು ನಾನು ಮಾಡಿದ ತಪ್ಪನ್ನು ರಾಯಚೂರಿನಲ್ಲಿ ಇನ್ನೊಬ್ಬರು ಮಾಡಬಾರದೆಂದು ಬರೆಯುತ್ತಿದ್ದೇನೆ.

ಆಸೆ ಹುಟ್ಟಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್ ಗ್ರೇಂಜ್ ತೋಟದ ವಿಡಿಯೊ ನೋಡಿ. 2010ರಲ್ಲಿ ಶುರುವಾದ ತೋಟ. ಕಟ್ಟಡದ ನೆತ್ತಿಯ ಮೇಲೆ ಸಾಲು ಸಾಲು ಟೊಮೆಟೊ, ಸೊಪ್ಪು. ನಮ್ಮ ಬಿಸಿಲಿಗೆ ಮೇಲೆ ಮಣ್ಣಿದ್ದರೆ ಕೆಳಗಿನ ಕೋಣೆಯೂ ತಂಪಾದೀತು ಅನ್ನಿಸಿತು. ತೋಟ ಮಾಡಿಕೊಡುವವರೊಬ್ಬರು ಬಂದು ನೋಡಿ, "ಏನೂ ಆಗಂಗಿಲ್ಲಣ್ಣ, ಆರ್‌ಸಿಸಿ ಐತಿ, ಆನಿ ನಿಂತ್ರೂ ತಡಿತೈತಿ" ಅಂದರು. ನಂಬಿದೆ. 20 ಅಡಿ ಉದ್ದ, 20 ಅಡಿ ಅಗಲ, ಸುತ್ತ ಇಟ್ಟಿಗೆ ಕಟ್ಟೆ, ಒಳಗೆ ಒಂದಡಿ ಎರೆಮಣ್ಣು. ನಾಲ್ಕು ಟ್ರ್ಯಾಕ್ಟರ್ ಮಣ್ಣನ್ನು ಕೂಲಿಯವರು ಪುಟ್ಟಿಯಲ್ಲಿ ಹೊತ್ತು ಏರಿಸಿದರು. ಅಡಿಯಲ್ಲಿ ಹಾಸಿದ್ದು ಒಂದು ತಾಡಪತ್ರಿ, ಅಷ್ಟೇ.

ಎರಡು ವರ್ಷ ಪುಂಡಿ, ಮೆಂತ್ಯ, ಬದನೆ ಚೆನ್ನಾಗಿಯೇ ಬಂತು. ಓಣಿಯವರಿಗೆಲ್ಲ ಹಂಚಿದೆವು. ಮೂರನೇ ಮಳೆಗಾಲದ ಒಂದು ರಾತ್ರಿ ಅವ್ವ ಕೂಗಿದಳು: "ಏ ತಮ್ಮಾ, ಫ್ಯಾನಿನಾಗಿಂದ ನೀರು ಬೀಳಾಕ್ಹತ್ಯಾವ ನೋಡೋ." ಫ್ಯಾನಿನ ರಾಡಿನ ಗುಂಟ ಕಂದು ನೀರು ಇಳಿದು ಅವಳ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಮೇಲೆ ಓಡಿದರೆ ನೀರು ಹೊರಹೋಗುವ ಪೈಪಿಗೆ ಮಣ್ಣು ಕಟ್ಟಿ, ಕಟ್ಟೆಯೊಳಗೆ ಕೆರೆ ನಿಂತಿತ್ತು. ವಾರ ಕಳೆಯುವಷ್ಟರಲ್ಲಿ ಎರಡು ಕೈಯಗಲ ಪ್ಲಾಸ್ಟರು ಕಳಚಿ ಬಿತ್ತು. ಅವ್ವನನ್ನು ಅಷ್ಟೊತ್ತಿಗೆ ಪಡಸಾಲೆಗೆ ಸ್ಥಳಾಂತರಿಸಿದ್ದೆವು. ಒಳಗಿನ ಕಂಬಿ ಉಬ್ಬಿ, ಉಗುರಲ್ಲಿ ಕೆರೆದರೆ ಪದರು ಪದರಾಗಿ ತುಕ್ಕು ಏಳುತ್ತಿತ್ತು.

ಎಂಜಿನಿಯರು ಬಂದು ಕೋಲಿನಿಂದ ಸ್ಲ್ಯಾಬ್ ತಟ್ಟುತ್ತಾ ಹೋದರು; ಅರ್ಧ ಕೋಣೆ ಟೊಳ್ಳು ಸದ್ದು. ಆಮೇಲೆ ಒಂದು ಹಾಳೆ ತೆಗೆದುಕೊಂಡು ಲೆಕ್ಕ ಬರೆದರು. 400 ಘನ ಅಡಿ ಒದ್ದೆ ಎರೆಮಣ್ಣು ಅಂದರೆ ಹತ್ತಿರ ಹತ್ತಿರ 20 ಟನ್. ಜನ ಓಡಾಡುವ ಮಾಳಿಗೆಗೆ ಐಎಸ್ 875 ಎಂಬ ಭಾರತೀಯ ಮಾನಕ ಲೆಕ್ಕಕ್ಕೆ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕೆ.ಜಿ.; ನಮ್ಮ ಅಷ್ಟು ಜಾಗಕ್ಕೆ ಐದೂವರೆ ಟನ್. ಆ ಹಾಳೆ ನೋಡಿ ನನ್ನ ಕೈಕಾಲು ತಣ್ಣಗಾದವು. ಎರಡು ವರ್ಷದ ಮೇಲೆ ಅವ್ವ ಅದರ ಕೆಳಗೆ ಮಲಗಿದ್ದಳು!

ಎರೆಮಣ್ಣು ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಬಿಡುವುದಿಲ್ಲ. ಹೊಲದಲ್ಲಿ ಅದು ವರ, ಹಿಂಗಾರಿ ಜೋಳ, ಕಡಲೆ ಬರುವುದೇ ಅದರಿಂದ. ಮಾಳಿಗೆ ಮೇಲೆ ಅದೇ ಗುಣ ಸ್ಲ್ಯಾಬನ್ನು ತಿಂಗಳುಗಟ್ಟಲೆ ಒದ್ದೆಯಾಗಿಡುತ್ತದೆ. ತಾಡಪತ್ರಿಯನ್ನು ಬದನೆ ಬೇರು ಯಾವಾಗಲೋ ಸೀಳಿತ್ತು. ನ್ಯೂಯಾರ್ಕಿನವರು ತೋಟ ಮಾಡಿದ್ದು ಹಳೆಯ ಗಟ್ಟಿಮುಟ್ಟಾದ ಕಾರ್ಖಾನೆ ಕಟ್ಟಡದ ಮೇಲೆ, ಅದಕ್ಕೆಂದೇ ತಯಾರಾದ ಹಗುರ ಮಣ್ಣಿನಲ್ಲಿ. ಅಡಿಯಲ್ಲಿ ಬೇರು ತಡೆಯುವ ಪದರ, ನೀರು ಬಸಿಯುವ ಪದರ ಬೇರೆ. ಇದನ್ನು ನಾನು ತಿಳಿದುಕೊಂಡದ್ದು ಮನೆ ಕೆಟ್ಟ ಮೇಲೆ.

ತೋಟಕ್ಕೆ ಕೊಟ್ಟದ್ದು 45,000 ರೂಪಾಯಿ. ಮಣ್ಣು ಇಳಿಸಲು 18,000. ಸ್ಲ್ಯಾಬ್ ರಿಪೇರಿಗೆ ಒಂದೂವರೆ ಲಕ್ಷ ಹೇಳಿದ್ದಾರೆ. ತೋಟ ಮಾಡಿದವರು ಫೋನ್ ಎತ್ತುವುದಿಲ್ಲ. ಬರವಣಿಗೆಯಲ್ಲಿ ನನ್ನ ಹತ್ತಿರ ಒಂದು ಚೀಟಿಯೂ ಇಲ್ಲ.

ಬೆಳೆಯಬೇಡಿ ಅನ್ನುತ್ತಿಲ್ಲ. ಸೊಪ್ಪಿಗೆ ಆರೆಂಟು ಇಂಚು ಆಳ ಸಾಕು. ತೆಂಗಿನ ನಾರಿನ ಪುಡಿ, ಗೊಬ್ಬರ, ಸ್ವಲ್ಪವೇ ಕೆಂಪು ಮಣ್ಣು ಬೆರೆಸಿ ಚೀಲದಲ್ಲಿ ತುಂಬಿ. ಚೀಲಗಳನ್ನು ಸ್ಲ್ಯಾಬಿನ ನಡುವೆ ಇಡಬೇಡಿ, ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ ಇಡಿ. ಅಡಿಗೆ ಇಟ್ಟಿಗೆ ಕೊಟ್ಟರೆ ನೀರು ಹರಿದು ಹೋಗುತ್ತದೆ, ನೆಲ ಒಣಗಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಇಡೀ ಮಾಳಿಗೆಗೆ ಮಣ್ಣು ಹಾಸುತ್ತೇವೆ ಅಂತ ಯಾರಾದರೂ ಬಂದರೆ, ಒದ್ದೆಯಾದಾಗ ಒಟ್ಟು ಭಾರ ಎಷ್ಟು ಅಂತ ಬರೆಸಿಕೊಂಡು ಎಂಜಿನಿಯರಿಗೆ ತೋರಿಸಿ.

ಈಗಾಗಲೇ ಮಣ್ಣು ಹಾಕಿಸಿದ್ದರೆ ಇವತ್ತೇ ಕೆಳಗಿನ ಕೋಣೆಗೆ ಹೋಗಿ ಫ್ಯಾನಿನ ಕೊಂಡಿಯ ಸುತ್ತ ನೋಡಿ. ಬಿಳಿ ಸುಣ್ಣದ ಗೆರೆ, ಕಂದು ಕಲೆ, ಕೋಲಿನಿಂದ ತಟ್ಟಿದಾಗ ಟೊಳ್ಳು ಸದ್ದು, ಯಾವುದೊಂದು ಕಂಡರೂ ಆ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ.