ವ್ಯಾನಿನ ದಾರಿ ಹುಡುಕಲು: ಬ್ರಾಂಚ್ ಅಂಡ್ ಬೌಂಡೋ, ಅನೀಲಿಂಗೋ?

ಹುಬ್ಬಳ್ಳಿ-ಧಾರವಾಡದ ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆ ಡೆಲಿವರಿ ದಾರಿಯ ವಿಷಯ ತಗೊಂಡರೆ ಈ ಪ್ರಶ್ನೆ ಬಂದೇ ಬರುತ್ತದೆ: ಅತಿ ಚಿಕ್ಕ ದಾರಿ ಹುಡುಕುವ ಈ ಎರಡು ಕಂಪ್ಯೂಟರ್ ವಿಧಾನಗಳಲ್ಲಿ ಯಾವುದನ್ನು ಹಿಡಿಯುವುದು? ಧಾರವಾಡದಿಂದ ಪೇಢೆ ತುಂಬಿಕೊಂಡ ಒಂದು ವ್ಯಾನು 20 ಅಂಗಡಿ ಸುತ್ತಿ ವಾಪಸ್ ಬರಬೇಕು ಅನ್ನಿ. ಸುತ್ತುವ ಕ್ರಮಗಳನ್ನು ಎಣಿಸಿದರೆ 19 ಅಂಕಿಯ ಸಂಖ್ಯೆ!

ಬ್ರಾಂಚ್ ಅಂಡ್ ಬೌಂಡ್ ಎಲ್ಲವನ್ನೂ ಎಣಿಸುವುದಿಲ್ಲ. ದಾರಿಗಳನ್ನು ಮರದ ಕೊಂಬೆಗಳಂತೆ ಗುಂಪು ಮಾಡಿಕೊಂಡು, ಈಗಾಗಲೇ ಸಿಕ್ಕಿದ್ದಕ್ಕಿಂತ ಚಿಕ್ಕ ದಾರಿ ಈ ಕಡೆ ಸಿಗಲ್ಲ ಅಂತ ಖಾತ್ರಿಯಾದರೆ ಆ ಕೊಂಬೆಯನ್ನೇ ಕತ್ತರಿಸುತ್ತದೆ. ಕೊನೆಗೆ ಸಿಗುವುದು ಅತಿ ಚಿಕ್ಕ ದಾರಿ, ಜೊತೆಗೆ ಅದಕ್ಕೆ ಪುರಾವೆ. ಇದೇ ಜಾತಿಯ ಲೆಕ್ಕದಿಂದ 2006ರಲ್ಲಿ 85,900 ಬಿಂದುಗಳ ಸುತ್ತನ್ನೂ ಬಿಡಿಸಿದ್ದಾರೆ. ಆದರೆ ಹಲವು ವ್ಯಾನು, ಅಂಗಡಿ ತೆರೆಯುವ ಸಮಯ ಎಲ್ಲ ಸೇರಿದರೆ ಬೇಗ ಸುಸ್ತಾಗುತ್ತದೆ.

ಸಿಮ್ಯುಲೇಟೆಡ್ ಅನೀಲಿಂಗ್ ಭೌತಶಾಸ್ತ್ರದ ಕೊಡುಗೆ. 1983ರಲ್ಲಿ ಕರ್ಕ್‌ಪ್ಯಾಟ್ರಿಕ್, ಜೆಲಾಟ್, ವೆಕ್ಕಿ ಎಂಬ ಮೂವರು ವಿಜ್ಞಾನಿಗಳು ಪ್ರಕಟಿಸಿದ್ದು. ಕಾಯಿಸಿದ ಲೋಹವನ್ನು ನಿಧಾನವಾಗಿ ತಣಿಸಿದರೆ ಪರಮಾಣುಗಳು ಸರಿಯಾಗಿ ಕೂರುತ್ತವೆ ಅಲ್ವಾ, ಅದೇ ಉಪಾಯ. ಶುರುವಿನಲ್ಲಿ ಕೆಟ್ಟ ದಾರಿಯನ್ನೂ ಆಗಾಗ ಒಪ್ಪುತ್ತದೆ, ‘ತಾಪ’ ಅನ್ನುವ ಒಂದು ಸಂಖ್ಯೆ ಇಳಿದಂತೆ ಬಿಗಿಯಾಗುತ್ತದೆ. ಹಾಗಾಗಿ ಒಂದೇ ಕಡೆ ಸಿಕ್ಕಿಕೊಳ್ಳುವುದು ಕಡಿಮೆ. ಕೋಡ್ ಚಿಕ್ಕದು, ಹೊಸ ನಿಯಮ ಸೇರಿಸುವುದು ಸುಲಭ. ಪುರಾವೆ ಮಾತ್ರ ಕೇಳಬೇಡಿ.

ಒಂದು ವ್ಯಾನು, 20 ಅಂಗಡಿಗೆ ಬ್ರಾಂಚ್ ಅಂಡ್ ಬೌಂಡೇ ಸಾಕು, ಅನೀಲಿಂಗ್ ಸುಮ್ನೆ. ಐದು ವ್ಯಾನು, ನೂರಾರು ಅಂಗಡಿ, ಅಮರಗೋಳ ಎಪಿಎಂಸಿಯಲ್ಲಿ ಬೆಳಗ್ಗೆಯೇ ಇಳಿಸಬೇಕು ಅಂತಾದರೆ ನನ್ನ ಓಟು ಅನೀಲಿಂಗಿಗೆ. ಬೇರೆ ಬೇರೆ ಆರಂಭದಿಂದ ಹಲವು ಸಲ ಓಡಿಸಿ, ಒಳ್ಳೆಯದನ್ನು ಉಳಿಸಿಕೊಳ್ಳಿ. ಯಾವುದಕ್ಕೇ ಆಗಲಿ ರಸ್ತೆಯ ದೂರವನ್ನೇ ಕೊಡಿ. ಒನ್‌ವೇ ಇದ್ದಲ್ಲಿ ಹೋಗುವ ದೂರ, ಬರುವ ದೂರ ಬೇರೆ.