ಅಪ್ಪನ 20 ಇಂಚಿನ ಕಲರ್ ಟಿವಿ, ಹಲಸಿನ ಪೆಟ್ಟಿಗೆ: ಮೂರು ವರ್ಷ ಬಳಸಿದ ಮೇಲೆ

ಮೂರು ವರ್ಷದಲ್ಲಿ ಟಿವಿ ನನಗೆ ಕೈ ಕೊಟ್ಟದ್ದು ಒಂದೇ ಸಲ. ಅದಕ್ಕೆಂದು ಮಾಡಿಸಿದ ಪೆಟ್ಟಿಗೆ ನಾಲ್ಕು ಸಲ. ಹಳೇ ಕಲರ್ ಟಿವಿಗೆ ಜೀವ ಕೊಡಬೇಕು ಅಂತಿರುವವರು ಒಳಗಿನ ಬೋರ್ಡು, ಟ್ಯೂಬು ನೆನೆದು ಹೆದರುತ್ತಾರೆ. ನಾನೂ ಹಾಗೇ ಹೆದರಿದ್ದೆ. ಮರದ ಕೆಲಸದ ಬಗ್ಗೆ ಯಾರೂ ಎಚ್ಚರಿಸಿರಲಿಲ್ಲ.

ಇದು ಅಪ್ಪ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ, 1986ರಲ್ಲಿ ತಂದ ಸೆಟ್. 1982ರ ದೆಹಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ದೇಶಕ್ಕೆ ಕಲರ್ ಬಂದಿತ್ತು, ನಮ್ಮ ಮನೆಗೆ ಬರಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ರಿಟೈರ್ ಆಗಿ ತೀರ್ಥಹಳ್ಳಿಗೆ ಬಂದಾಗ ಲಾರಿಯಲ್ಲಿ ಟಿವಿಯೂ ಬಂತು. ಆಮೇಲೆ ಅಟ್ಟ ಸೇರಿತು. ನಾನು ಕೆಳಗಿಳಿಸಿದಾಗ ಹಳೇ ಪೆಟ್ಟಿಗೆಯ ಅರ್ಧ ಭಾಗವನ್ನು ಗೆದ್ದಲು ತಿಂದು ಮುಗಿಸಿತ್ತು. ಗೆದ್ದಲಿಗೆ ಗಾಜು, ತಾಮ್ರ ರುಚಿಸುವುದಿಲ್ಲ, ನನ್ನ ಪುಣ್ಯ.

ಊರಿನ ಹಳೇ ಮೆಕ್ಯಾನಿಕ್ ಒಬ್ಬರು ಬಂದು ನೋಡಿದರು. "ಟ್ಯೂಬ್ ಒಂದು ಬದುಕಿದ್ರೆ ಸಾಕು ಮಾರಾಯ್ರೇ, ಉಳಿದದ್ದೆಲ್ಲಾ ಸಿಗ್ತದೆ" ಅಂದರು. ನೇರವಾಗಿ ಪ್ಲಗ್ಗಿಗೆ ಹಾಕಲಿಲ್ಲ. 100 ವ್ಯಾಟಿನ ಬಲ್ಬನ್ನು ಸೀರೀಸ್‌ನಲ್ಲಿ ಸಿಕ್ಕಿಸಿ ಕರೆಂಟ್ ಕೊಟ್ಟರು. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಟಿವಿ ಉಳಿಯುತ್ತದೆ. ಬಲ್ಬ್ ಒಮ್ಮೆ ಮಿನುಗಿ ಮಂಕಾಯಿತು. ಆಮೇಲೆ ನೇರ ಕರೆಂಟ್ ಕೊಟ್ಟಾಗ ಪರದೆಯ ನಡುವೆ ಅಡ್ಡಕ್ಕೆ ಒಂದೇ ಒಂದು ಬಿಳಿ ಗೆರೆ. ನನಗೆ ಎದೆ ಧಸಕ್ಕೆಂದಿತು, ಅವರಿಗೆ ಖುಷಿ. ಗೆರೆ ಬಂತು ಅಂದರೆ ಟ್ಯೂಬು ಬದುಕಿದೆ, ಚಿತ್ರವನ್ನು ಮೇಲಕ್ಕೂ ಕೆಳಕ್ಕೂ ಹರಡುವ ಭಾಗ ಮಾತ್ರ ಸತ್ತಿದೆ ಅಂತ ಲೆಕ್ಕ. ತಕ್ಷಣ ಬ್ರೈಟ್‌ನೆಸ್ ಇಳಿಸಿ ಆಫ್ ಮಾಡಿದರು. ಇಲ್ಲದಿದ್ದರೆ ಆ ಗೆರೆ ಪರದೆಯನ್ನು ಸುಟ್ಟು ಅಲ್ಲೇ ಉಳಿದುಬಿಡುತ್ತದಂತೆ.

ಕಾರಣ ಸಣ್ಣದೇ. ಒಣಗಿದ ಕೆಪಾಸಿಟರ್‌ಗಳು (ಕರೆಂಟನ್ನು ತುಸು ಹೊತ್ತು ಹಿಡಿದಿಡುವ ಸಣ್ಣ ಬಿಡಿಭಾಗಗಳು), ಎರಡು ಕಡೆ ಡ್ರೈ ಸೋಲ್ಡರ್, ಅಂದರೆ ಬಿಟ್ಟುಕೊಂಡ ಬೆಸುಗೆ. ನಾನು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಎಲ್ಲಾ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನೂ ತಂದೆ. 85 ಡಿಗ್ರಿಯದ್ದು ಬೇಡ, 105 ಡಿಗ್ರಿಯದ್ದೇ ಕೇಳಿ ತನ್ನಿ. ಬೆಲೆಯಲ್ಲಿ ಅಂಥ ವ್ಯತ್ಯಾಸ ಇಲ್ಲ, ಬಿಸಿ ತಡೆಯುವುದರಲ್ಲಿ ಇದೆ. ಒಟ್ಟು 47 ಬದಲಾಯಿಸಿದೆವು, ಸಾವಿರ ರೂಪಾಯಿ ಒಳಗೇ ಮುಗಿಯಿತು. ಒಂದು ಮಾತು ಮಾತ್ರ ನೆನಪಿಡಿ. ಕಲರ್ ಪಿಕ್ಚರ್ ಟ್ಯೂಬಿಗೆ ಸುಮಾರು 25,000 ವೋಲ್ಟ್ ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಟ್ಯೂಬಿನಲ್ಲಿ ಉಳಿದಿರುತ್ತದೆ. ಡಿಸ್ಚಾರ್ಜ್ ಮಾಡಲು ಬಾರದವರು ಹಿಂದಿನ ಮುಚ್ಚಳವನ್ನೇ ತೆಗೆಯಬೇಡಿ. ನಾನು ಸಣ್ಣ ಬೋರ್ಡುಗಳಿಗೆ ಬೆಸುಗೆ ಹಾಕಿದೆನೇ ಹೊರತು ಟ್ಯೂಬಿನ ಹತ್ತಿರ ಸುಳಿಯಲಿಲ್ಲ.

ಈಗ ಪೆಟ್ಟಿಗೆ. ಆಗಿನ ಕಾಲದ ಟಿವಿಗಳು ನೆನಪಿವೆಯಲ್ವಾ? ನಾಲ್ಕು ಕಾಲು, ಎಳೆದು ಮುಚ್ಚುವ ಶಟರ್, ಅದಕ್ಕೊಂದು ಬೀಗ. ಪರೀಕ್ಷೆ ಹತ್ತಿರ ಬಂದರೆ ಬೀಗದ ಕೈ ಅಪ್ಪನ ಜೇಬಿನಲ್ಲಿ. ನನಗೆ ಅದೇ ಬೇಕಿತ್ತು. ಶಟರ್ ನನ್ನಿಂದಾಗದು ಅಂತ ಆಚಾರ್ರು ಮೊದಲೇ ಕೈಯೆತ್ತಿದರು. ಎರಡು ಬಾಗಿಲಿಗೆ ಒಪ್ಪಿಕೊಂಡೆವು. ಮರ ಹಲಸು. ಅದರ ಕೆಚ್ಚಿಗೆ ಗೆದ್ದಲು ಬಾಯಿ ಹಾಕುವುದು ಕಡಿಮೆ, ನಮ್ಮಲ್ಲಿ ಸಾಗುವಾನಿಗಿಂತ ಅಗ್ಗಕ್ಕೂ ಸಿಗುತ್ತದೆ. ಮೊದಲ ದಿನ ಅರಿಶಿನದ ಹಾಗೆ ಹಳದಿ ಇತ್ತು. ಈಗ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಮೂರು ವರ್ಷದಲ್ಲಿ ಚೆಂದ ಜಾಸ್ತಿಯಾದದ್ದು ಇದೊಂದೇ.

ಮನೆಗೆ ತಂದು ಜೋಡಿಸಿದ ದಿನವೇ ಚಿತ್ರದ ಎರಡು ಮೂಲೆಗೆ ಬಣ್ಣ ಮೆತ್ತಿಕೊಂಡಿತು. ಎಡಕ್ಕೆ ಹಸಿರು, ಬಲಕ್ಕೆ ನೇರಳೆ. ಟ್ಯೂಬ್ ಹೋಯಿತು ಅಂದುಕೊಂಡೆ. ಮೆಕ್ಯಾನಿಕ್ ಬಂದು ಬೋರ್ಡನ್ನೆಲ್ಲ ಹುಡುಕಿದರು. ಏನೂ ಇಲ್ಲ. ಎರಡು ದಿನ ಹೀಗೇ ಹೋಯಿತು. ಕೊನೆಗೆ ಮಗಳು ಬಾಗಿಲನ್ನು ಟಕ್ ಅಂತ ಹಾಕಿ ತೆಗೆದು ಆಡುತ್ತಿದ್ದಾಗ ತಲೆಗೆ ಹೊಳೆಯಿತು. ಬಾಗಿಲು ಹಿಡಿದುಕೊಳ್ಳಲಿ ಅಂತ ಆಚಾರ್ರು ಮ್ಯಾಗ್ನೆಟ್ ಕ್ಯಾಚರ್ ಹಾಕಿದ್ದರು, ಅಡಿಗೆಮನೆ ಕಪಾಟಿಗೆ ಹಾಕುವಂಥದ್ದೇ. ಟ್ಯೂಬಿನ ಮೂಲೆಯಿಂದ ನಾಲ್ಕು ಇಂಚು ದೂರ ಇಲ್ಲ. ಕಲರ್ ಟ್ಯೂಬಿನೊಳಗೆ ಮೂರು ಕಿರಣಗಳು ತಮ್ಮ ತಮ್ಮ ಬಣ್ಣದ ಚುಕ್ಕಿಗೇ ಬೀಳಬೇಕು. ಪಕ್ಕದಲ್ಲಿ ಅಯಸ್ಕಾಂತ ಇದ್ದರೆ ದಾರಿ ತಪ್ಪುತ್ತವೆ. ಕ್ಯಾಚರ್ ಕಿತ್ತು ಹಿತ್ತಾಳೆಯದ್ದು ಹಾಕಿದೆವು. ಆದರೂ ಕಲೆ ಪೂರ್ತಿ ಹೋಗಲಿಲ್ಲ, ಒಳಗಿನ ತಗಡಿಗೆ ಅಯಸ್ಕಾಂತದ ಗುಣ ಅಂಟಿತ್ತು. ಅದನ್ನು ಬಿಡಿಸುವ ಸುರುಳಿ ಟಿವಿಯಲ್ಲೇ ಇರುತ್ತದೆ. ಆದರೆ ತಣ್ಣಗಿದ್ದಾಗ ಆನ್ ಮಾಡಿದರೆ ಮಾತ್ರ ಕೆಲಸ ಮಾಡುತ್ತದೆ. ಆಫ್ ಮಾಡಿ, ಅರ್ಧ ಗಂಟೆ ಕಾದು, ಮತ್ತೆ ಆನ್. ಹೀಗೆ ಐದಾರು ಸಲ ಮಾಡಿದ ಮೇಲೆ ಪರದೆ ಶುದ್ಧವಾಯಿತು.

ಇನ್ನು ಕಾಲು. ಟ್ಯೂಬಿನ ಭಾರವೆಲ್ಲ ಮುಂದಕ್ಕೇ ಇರುತ್ತದೆ. ಬಾಗಿಲು ಎರಡೂ ತೆರೆದರೆ ಪೆಟ್ಟಿಗೆ ಮುಂದಕ್ಕೆ ಬಾಗುತ್ತಿತ್ತು. ಮುಂದಿನ ಕಾಲುಗಳನ್ನು ಎರಡು ಇಂಚು ಮುಂದಕ್ಕೆ ಕೂರಿಸಿದ ಮೇಲೆ ಸರಿಯಾಯಿತು. ಹಿಂದಿನ ಹಲಗೆಗೆ ತೂತು ಸಾಲದೆ ಒಳಗೆ ಬಿಸಿ ನಿಂತು ಪಾಲಿಶ್ ವಾಸನೆ ಬಂದದ್ದೂ ಒಂದು ಕತೆ. ಈಗ ಅಲ್ಲಿ ಬರೀ ಪಟ್ಟಿಗಳಿವೆ.

ಟಿವಿ ಕೈ ಕೊಟ್ಟದ್ದು ಎರಡನೇ ವರ್ಷದ ಜುಲೈನಲ್ಲಿ. ರಾತ್ರಿ ಒಳಗಿಂದ ಚರ್ ಚರ್ ಸದ್ದು, ಕತ್ತಲಲ್ಲಿ ನೀಲಿ ಕಿಡಿ. ನಮ್ಮ ಕಡೆ ಮಳೆಗಾಲದ ಥಂಡಿ ಅಂದರೆ ಗೊತ್ತಲ್ಲ, ಬಟ್ಟೆಯೇ ವಾರ ಒಣಗುವುದಿಲ್ಲ. ಧೂಳಿನ ಮೇಲೆ ತೇವ ಕೂತರೆ 25,000 ವೋಲ್ಟ್ ಅಲ್ಲೇ ದಾರಿ ಮಾಡಿಕೊಳ್ಳುತ್ತದೆ. ಮೆಕ್ಯಾನಿಕ್ ಟ್ಯೂಬಿನ ರಬ್ಬರ್ ಕಪ್ ತೆಗೆದು, ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿಸಿ ಕೊಟ್ಟರು. ಆಮೇಲೆ ಮಳೆಗಾಲದಲ್ಲಿ ದಿನಾ ಒಂದರ್ಧ ಗಂಟೆ ಹಚ್ಚಿಡುತ್ತೇನೆ. ಕಿಡಿ ಮತ್ತೆ ಬಂದಿಲ್ಲ.

ಈ ಸೆಟ್ಟಿಗೆ ಆಂಟೆನಾ ಪಿನ್ ಬಿಟ್ಟರೆ ಬೇರೆ ದಾರಿಯಿಲ್ಲ. ಹಾಗಾಗಿ ಸೆಟ್ ಟಾಪ್ ಬಾಕ್ಸ್ ಮತ್ತು ಟಿವಿ ನಡುವೆ ಒಂದು ಮಾಡ್ಯುಲೇಟರ್ ಬೇಕು, ಅಂದರೆ ಬಾಕ್ಸಿನ ಚಿತ್ರ, ಧ್ವನಿಯನ್ನು ಆಂಟೆನಾ ಸಿಗ್ನಲ್ ಮಾಡಿ ಕೊಡುವ ಡಬ್ಬಿ. ಆನ್‌ಲೈನಿನಲ್ಲಿ ತರಿಸಿದ ಅಗ್ಗದ ಡಬ್ಬಿ ಚಿತ್ರ ಕೊಟ್ಟಿತು, ಮಾತಿನ ಜಾಗದಲ್ಲಿ ಬರೀ ಸುಯ್ ಸದ್ದು. ನಮ್ಮ ದೇಶದ ಹಳೇ ಟಿವಿಗಳ ಪ್ರಸಾರ ಪದ್ಧತಿಯಾದ ಪಾಲ್-ಬಿಯಲ್ಲಿ ಧ್ವನಿ ಚಿತ್ರದಿಂದ 5.5 ಮೆಗಾಹರ್ಟ್ಸ್ ದೂರ ಇರಬೇಕು. ಡಬ್ಬಿ 6.5ಕ್ಕೆ ಸೆಟ್ ಆಗಿ ಬಂದಿತ್ತು. ಸ್ವಿಚ್ ಬದಲಾಯಿಸಿದ ಮೇಲೆ ಸರಿಹೋಯಿತು. ಕೊಳ್ಳುವಾಗ ಇದನ್ನು ನೋಡಿಕೊಳ್ಳಿ.

ಚಿತ್ರ ಹೇಗಿದೆ ಅಂತ ಕೇಳುವವರಿಗೆ: ಹಳೇ ಸಿನಿಮಾ, ಹಳೇ ಧಾರಾವಾಹಿಗೆ ಇದರಷ್ಟು ಹಿತ ಹೊಸ ಟಿವಿಯಲ್ಲಿ ನನಗಂತೂ ಸಿಕ್ಕಿಲ್ಲ. ಕ್ರಿಕೆಟ್ ನೋಡಲು ಬೇಡ, ಸ್ಕೋರ್ ಬದಿಯಲ್ಲಿ ಕತ್ತರಿಸಿ ಹೋಗುತ್ತದೆ. ಟ್ಯೂಬಿಗೆ ವಯಸ್ಸಾಗಿದೆ, ಕೆಂಪು ನಿಧಾನಕ್ಕೆ ಏರುತ್ತದೆ. ಮೊದಲ ಐದು ನಿಮಿಷ ವಾರ್ತೆ ಓದುವವರು ಆಗುಂಬೆ ಘಾಟಿ ಇಳಿದ ಬಸ್ಸಿನಿಂದ ಈಗಷ್ಟೇ ಹೊರಬಂದವರ ಹಾಗೆ, ಮುಖವೆಲ್ಲ ಹಸಿರು. ಟ್ಯೂಬಿಗೆ ಬೂಸ್ಟ್ ಕೊಡಿಸಿ, ಅಂದರೆ ತುಸು ಹೊತ್ತು ಹೆಚ್ಚು ವೋಲ್ಟ್ ಕೊಟ್ಟು ಚುರುಕು ಮಾಡಿಸಿ, ಅಂದವರಿದ್ದಾರೆ. ಕೆಟ್ಟರೆ ಬದಲಿಗೆ ಇನ್ನೊಂದಿಲ್ಲ, ಸುಮ್ನೆ ಬಿಟ್ಟಿದ್ದೇನೆ. ಇನ್ನೊಂದು ವಿಷಯ, ವಾಲ್ಯೂಮ್ ಸೊನ್ನೆ ಇದ್ದರೂ ಪಕ್ಕದ ಕೋಣೆಯಿಂದಲೇ ಮಗಳು "ಟಿವಿ ಹಚ್ಚಿದ್ರಾ ಅಪ್ಪ?" ಅಂತಾಳೆ. ಸೆಟ್ ಸೆಕೆಂಡಿಗೆ 15,625 ಗೆರೆ ಎಳೆಯುವಾಗ ಬರುವ ಸಣ್ಣ ಕೀರಲು ಅದು. ನನ್ನ ಕಿವಿಗೆ ಕೇಳಿಸಿ ಎಷ್ಟೋ ವರ್ಷವಾಯಿತು.

ಟಿವಿಗೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ಪೆಟ್ಟಿಗೆಗೆ ಮೂರು. ಏಪ್ರಿಲ್‌ನಲ್ಲಿ ಲೆಕ್ಕ ಹಾಕಿ ಕೂರಿಸಿದ ಬಾಗಿಲು ಜುಲೈ ಬಂದರೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಎರಡು ಸಲ ಹತ್ತರಿ ಹೊಡೆಸಿದೆ. ಬೇಸಿಗೆಗೆ ಅದೇ ಬಾಗಿಲು ಸಡಿಲವಾಗಿ ಸಂದು ಬಿಟ್ಟಿತು. ಈ ವರ್ಷ ಆ ಗೋಜೇ ಬೇಡ ಅಂತ ಬಾಗಿಲು ಕಳಚಿ ಮಂಚದ ಕೆಳಗೆ ಇಟ್ಟಿದ್ದೇನೆ. ದೀಪಾವಳಿಗೆ ಮತ್ತೆ ಹಾಕಬೇಕು.