"ನಟಿ ಒಮ್ಮೆ ಹಾಕಿದ್ದು" ಅಂತ ಮಾರುವ ಕೆಂಪು ಅಟ್ಟೆಯ ಹೀಲ್ಸ್: ದಯವಿಟ್ಟು ಕೊಳ್ಳಬೇಡಿ

ಸಿನಿಮಾ ನಟಿಯರು ಒಮ್ಮೆ ಹಾಕಿ ಬಿಟ್ಟ ಡಿಸೈನರ್ ಹೀಲ್ಸ್ ಮಾರುತ್ತೇವೆ ಎನ್ನುವ ಪುಟಗಳು ಇನ್‌ಸ್ಟಾಗ್ರಾಂನಲ್ಲಿ ಈಗ ಬೇಕಾದಷ್ಟಿವೆ. ಮದುವೆ ಸೀಸನ್ ಬಂತೆಂದರೆ ಇವರ ಜಾಹೀರಾತು ಇನ್ನೂ ಜಾಸ್ತಿ. ಅಂಥ ಒಂದು ಪುಟದಿಂದ ತರಿಸಿದ ಜೋಡಿ ನನ್ನ ತಂಗಿಯ ರಿಸೆಪ್ಷನ್ ದಿನ, ಸ್ಟೇಜ್ ಮೆಟ್ಟಿಲ ಮೇಲೆ, ಹೀಲ್ ಹತ್ತಿರ ಮುರಿಯಿತು. ಅವಳ ಕಾಲಿನ ಲಿಗಮೆಂಟ್ ಹರಿಯಿತು. ನಕಲಿ ಹೀಲ್ಸ್ ಅಂದರೆ ದುಡ್ಡು ಹೋಗುತ್ತದೆ, ಅಷ್ಟೇ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಕಾಲಿಗೂ ಕುತ್ತು ಬರುತ್ತದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಕೆಂಪು ಅಟ್ಟೆ ಅಂದಕೂಡಲೇ ಫ್ಯಾಷನ್ ನೋಡುವವರಿಗೆ ನೆನಪಾಗುವುದು ಕ್ರಿಶ್ಚಿಯನ್ ಲುಬುಟಾನ್. 1991ರಲ್ಲಿ ಪ್ಯಾರಿಸ್‌ನಲ್ಲಿ ಅಂಗಡಿ ತೆರೆದ ಫ್ರೆಂಚ್ ಡಿಸೈನರ್. ಮಾಡಿಸಿದ ಒಂದು ಶೂ ಯಾಕೋ ಕಳೆ ಇಲ್ಲದೆ ಕಾಣಿಸಿತಂತೆ. ಪಕ್ಕದಲ್ಲಿ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದ ಸಹಾಯಕಿಯ ಕೈಯಿಂದ ಕೆಂಪು ನೇಲ್ ಪಾಲಿಶ್ ತೆಗೆದುಕೊಂಡು ಅಟ್ಟೆಗೆ ಬಳಿದರಂತೆ. ಅವತ್ತಿನಿಂದ ಆ ಕೆಂಪೇ ಅವರ ಗುರುತು. ನಟಿಯರು ಕಾರಿನಿಂದ ಇಳಿಯುವಾಗ, ಮೆಟ್ಟಿಲು ಹತ್ತುವಾಗ ಕ್ಯಾಮೆರಾಗೆ ಆ ಕೆಂಪು ಒಂದು ಕ್ಷಣ ಕಂಡರೆ ಸಾಕು, ಯಾವ ಬ್ರ್ಯಾಂಡ್ ಅಂತ ಯಾರೂ ಹೇಳಬೇಕಾಗಿಲ್ಲ. ಒಂದು ಜೋಡಿಗೆ ಅರ್ಧ ಲಕ್ಷ ರೂಪಾಯಿಗೂ ಮೇಲೆ. ನಮ್ಮಂಥ ಮನೆಗಳಲ್ಲಿ ಅದು ಆಸೆಯಾಗಿಯೇ ಉಳಿಯುವ ವಸ್ತು. ಆಸೆ ಪಡುವುದರಲ್ಲಿ ತಪ್ಪೇನೂ ಇಲ್ಲ. ಆ ಆಸೆಯನ್ನು ಹಿಡಿದು ವ್ಯಾಪಾರ ಮಾಡುವವರ ಬಗ್ಗೆ ನನಗೆ ಕೋಪ.

ನನ್ನ ತಂಗಿ ಪ್ರೈಮರಿ ಶಾಲೆಯ ಟೀಚರ್. ದಿನವಿಡೀ ನಿಂತೇ ಕೆಲಸ. ವರ್ಷಪೂರ್ತಿ ಫ್ಲಾಟ್ ಚಪ್ಪಲಿ ಹಾಕುವವಳು, ರಿಸೆಪ್ಷನ್‌ಗೆ ಮಾತ್ರ ಒಂದು ಜೋಡಿ ಚೆಂದದ ಹೀಲ್ಸ್ ಬೇಕು ಅಂದಳು. ಅವಳು ಹುಡುಕಲು ಶುರು ಮಾಡಿದ್ದೇ ತಡ, ಫೋನಿನಲ್ಲಿ ಆ ಪುಟ ಬಂತು. ಒಬ್ಬ ನಟಿ ಅವಾರ್ಡ್ ಕಾರ್ಯಕ್ರಮದಲ್ಲಿ ಹಾಕಿದ್ದ ಕಪ್ಪು ಪೇಟೆಂಟ್ ಲೆದರ್ ಹೀಲ್ಸ್ ಫೋಟೋ ಒಂದು ಕಡೆ, ಅದೇ ಥರದ ಶೂ ಇನ್ನೊಂದು ಕಡೆ. "ಮ್ಯಾಮ್, ಸ್ಟೈಲಿಸ್ಟ್ ಕಡೆಯಿಂದ ಬಂದಿದ್ದು, ಒಂದೇ ಶೂಟ್‌ಗೆ ಹಾಕಿದ್ದಾರೆ, ಅಟ್ಟೆ ನೋಡಿ, ಗೀರೂ ಇಲ್ಲ" ಅಂತ ಮೆಸೇಜ್. ಬೆಲೆ 18,500. ಇವತ್ತೇ ದುಡ್ಡು ಹಾಕಿದರೆ ಒಂದು ಸಾವಿರ ಕಡಿಮೆ. ದುಡ್ಡು ಹೋಗಿದ್ದು ಯಾವುದೋ ಕಂಪನಿಯ ಖಾತೆಗಲ್ಲ, ಒಬ್ಬ ವ್ಯಕ್ತಿಯ ಯುಪಿಐ ಐಡಿಗೆ. ಬಿಲ್ ಕೇಳಿದರೆ, "ಸೆಲೆಬ್ರಿಟಿ ಪೀಸ್‌ಗೆ ಬಿಲ್ ಇರಲ್ಲ ಮ್ಯಾಮ್, ಪ್ರೈವಸಿ" ಅಂದರು.

ಇಲ್ಲಿ ಒಂದು ವಿಷಯ ಗೊತ್ತಿರಲಿ. ಶೂಟಿಂಗ್, ಅವಾರ್ಡ್ ಕಾರ್ಯಕ್ರಮಗಳಲ್ಲಿ ತಾರೆಯರು ಹಾಕುವ ಬಟ್ಟೆ, ಶೂಗಳಲ್ಲಿ ಹೆಚ್ಚಿನವು ಅವರದ್ದಲ್ಲ. ಸ್ಟೈಲಿಸ್ಟ್‌ಗಳು ಬ್ರ್ಯಾಂಡ್‌ನಿಂದ ಅಥವಾ ಅಂಗಡಿಯಿಂದ ಎರವಲು ತಂದಿರುತ್ತಾರೆ. ಮುಗಿದ ಮೇಲೆ ವಾಪಸ್ ಕೊಡಬೇಕು. ಅಟ್ಟೆಗೆ ಗೀರು ಬೀಳಬಾರದು ಅಂತ ಕೆಳಗೆ ಟೇಪ್ ಅಂಟಿಸಿ ಹಾಕಿಸುವುದೂ ಉಂಟು. ಹೀಗಿರುವಾಗ "ಸ್ಟೈಲಿಸ್ಟ್ ಕಪಾಟು ಖಾಲಿ ಮಾಡುತ್ತಿದ್ದಾರೆ" ಎನ್ನುವ ಕಥೆ ಎಷ್ಟು ನಿಜ ಇರಬಹುದು, ನೀವೇ ಯೋಚಿಸಿ. ತಾರೆಯರು ತಮ್ಮ ಸ್ವಂತ ಬಟ್ಟೆ, ಶೂ ಮಾರಿ ಆ ದುಡ್ಡನ್ನು ಸಮಾಜಸೇವೆಗೆ ಕೊಡುವುದು ನಿಜವಾಗಿಯೂ ನಡೆಯುತ್ತದೆ. ಆದರೆ ಅಲ್ಲಿ ಮಾರುವವರ ಹೆಸರು, ವಿಳಾಸ, ಬಿಲ್ ಎಲ್ಲ ಇರುತ್ತವೆ.

ಡಬ್ಬ ಬಂತು. ಹೇಳಬೇಕೆಂದರೆ, ನೋಡುವುದಕ್ಕೆ ಯಾವ ಕೊರತೆಯೂ ಇರಲಿಲ್ಲ. ಕಂದು ಡಬ್ಬ, ಕೆಂಪು ಬಟ್ಟೆಯ ಚೀಲ, ಪುಟ್ಟ ಕವರಿನಲ್ಲಿ ಬಿಡಿ ಹೀಲ್ ಟಿಪ್. ಅಟ್ಟೆಯ ಮೇಲೆ ಹೆಸರು, "ಮೇಡ್ ಇನ್ ಇಟಲಿ", ಸೈಜ್ 38. ಹೊಲಿಗೆ ಸಾಲು ಹಿಡಿದ ಹಾಗೆ ನೇರ. ನಕಲಿ ಮಾಡುವವರು ಕಣ್ಣಿಗೆ ಕಾಣುವ ಭಾಗಕ್ಕೆ ಈಗ ಚೆನ್ನಾಗಿಯೇ ಖರ್ಚು ಮಾಡುತ್ತಾರೆ. ಉಳಿಸುವುದೆಲ್ಲ ಕಾಣದ ಕಡೆ.

ರಿಸೆಪ್ಷನ್ ವಿಜಯನಗರದ ಒಂದು ಛತ್ರದಲ್ಲಿ. ಊಟ ಶುರುವಾಗುವ ಹೊತ್ತು. ಮೊಣಕಾಲು ನೋವಿಗೆ ಸ್ಟೇಜ್ ಹತ್ತಲಾರದೆ ಅಜ್ಜಿ ಕೆಳಗೇ ಕುರ್ಚಿಯಲ್ಲಿ ಕೂತಿದ್ದರು. ಅವರ ಜೊತೆ ಫೋಟೋ ತೆಗೆಸಿಕೊಳ್ಳೋಣ ಅಂತ ತಂಗಿ ಮೆಟ್ಟಿಲು ಇಳಿದಳು. ಎರಡನೇ ಮೆಟ್ಟಿಲಿಗೆ ಕಾಲಿಟ್ಟಾಗ ಬಲಗಾಲಿನ ಹೀಲ್ ಒಳಗಡೆಗೆ ಮಡಚಿತು. ಜಾರಿದ್ದಲ್ಲ, ಲೆಹೆಂಗಾ ತೊಡರಿದ್ದೂ ಅಲ್ಲ. ವೀಡಿಯೋ ತೆಗೆಯುತ್ತಿದ್ದವರ ಕ್ಯಾಮೆರಾದಲ್ಲಿ ಎಲ್ಲ ಸ್ಪಷ್ಟವಾಗಿದೆ. ಹೀಲ್ ಮಡಚಿ, ಪಾದ ಹೊರಳಿ, ಪೂರ್ತಿ ಭಾರ ಗಿಣ್ಣಿನ ಮೇಲೆ ಬಿತ್ತು. ಭಾವ ಕೈ ಹಿಡಿದುಕೊಂಡಿದ್ದರಿಂದ ತಲೆಗೆ ಏಟಾಗಲಿಲ್ಲ. ರಾತ್ರಿಯೇ ಆಸ್ಪತ್ರೆ, ಎಕ್ಸ್-ರೇ. ಮೂಳೆ ಮುರಿದಿರಲಿಲ್ಲ, ಗಿಣ್ಣಿನ ಹೊರಗಡೆಯ ಲಿಗಮೆಂಟ್ ಹರಿದಿತ್ತು. ಹೊಸ ಮದುವೆಯ ಮನೆಗೆ ಅವಳು ಕಾಲಿಟ್ಟಿದ್ದು ವಾಕರ್ ಹಿಡಿದುಕೊಂಡು. ಶಾಲೆಗೆ ಹೋಗಲು ವಾರಗಟ್ಟಲೆ ಆಗಲಿಲ್ಲ. ಈಗಲೂ ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳುತ್ತದೆ.

ಆ ಪುಟದವರಿಗೆ ಫೋಟೋ ಕಳಿಸಿದೆವು. ಬಂದ ಮೊದಲ ಉತ್ತರ: "ವೇಟ್ ಜಾಸ್ತಿ ಇದ್ದವರು ಹಾಕಿದರೆ ಹೀಗೇ ಆಗೋದು ಸಿಸ್." ನೋವಿನಲ್ಲಿ ಮಲಗಿದ್ದ ಹುಡುಗಿಗೆ ಹೇಳುವ ಮಾತೇ ಇದು? ಎರಡನೇ ಉತ್ತರ, "ನೋ ರಿಟರ್ನ್, ನೋ ಎಕ್ಸ್‌ಚೇಂಜ್". ಆಮೇಲೆ ಬ್ಲಾಕ್.

ಆ ಶೂ ತೆಗೆದುಕೊಂಡು ನಾನು ಮಲ್ಲೇಶ್ವರದಲ್ಲಿ ಬಹಳ ವರ್ಷದಿಂದ ಶೂ ರಿಪೇರಿ ಮಾಡುವ ಒಬ್ಬರ ಹತ್ತಿರ ಹೋದೆ. ರಿಪೇರಿಗಲ್ಲ, ಬಿಚ್ಚಿ ತೋರಿಸಿ ಅಂತ. ಅವರು ಕೈಯಲ್ಲಿ ಹಿಡಿದು ಒಮ್ಮೆ ತಿರುಚಿದರು, ಅಷ್ಟಕ್ಕೇ ತಲೆ ಅಲ್ಲಾಡಿಸಿದರು. ಒಳಗಿನ ಪ್ಯಾಡ್ ಕಿತ್ತರು. ಅದರ ಕೆಳಗೆ, ಹಿಮ್ಮಡಿಯಿಂದ ಪಾದದ ಮುಂಭಾಗದವರೆಗೆ ಒಂದು ಉಕ್ಕಿನ ಪಟ್ಟಿ ಇರಬೇಕು. ಎತ್ತರದ ಹೀಲ್ಸ್‌ನಲ್ಲಿ ಪಾದದ ಕಮಾನಿನ ಕೆಳಗೆ ನೆಲದ ಆಸರೆಯೇ ಇರುವುದಿಲ್ಲ. ಅಲ್ಲಿ ಭಾರ ಹೊರುವುದು ಆ ಪಟ್ಟಿ. ಇದರಲ್ಲಿ ಇದ್ದದ್ದು ಬೆರಳಲ್ಲಿ ಬಗ್ಗುವಷ್ಟು ತೆಳು ತಗಡು, ಅದರ ಮೇಲೆ ರಟ್ಟು. ಆಮೇಲೆ ಮುರಿದ ಹೀಲನ್ನು ಉದ್ದಕ್ಕೆ ಸೀಳಿದರು. ಪೆನ್ಸಿಲ್ ಗಾತ್ರದ ಹೀಲಿನ ಒಳಗೆ ಮೇಲಿನಿಂದ ತುದಿಯವರೆಗೆ ಉಕ್ಕಿನ ಕಡ್ಡಿ ಹೋಗಬೇಕಂತೆ. 1950ರ ದಶಕದಲ್ಲಿ ಯುರೋಪಿನವರು ಹೀಲ್ ಒಳಗೆ ಲೋಹ ಇಡಲು ಶುರು ಮಾಡಿದ ಮೇಲೆಯೇ ಇಷ್ಟು ಸಣ್ಣ ಹೀಲ್ ಹುಟ್ಟಿದ್ದು. ಅದಿಲ್ಲದೆ ಬರೀ ಪ್ಲಾಸ್ಟಿಕ್ ಇಷ್ಟು ಎತ್ತರಕ್ಕೆ ನಿಲ್ಲುವುದಿಲ್ಲ. ಇದರಲ್ಲಿ ಕಡ್ಡಿ ಅರ್ಧಕ್ಕೇ ನಿಂತಿತ್ತು. ಮುರಿದಿದ್ದು ಸರಿಯಾಗಿ ಅದು ಮುಗಿದ ಜಾಗದಲ್ಲಿ. ಹೀಲನ್ನು ಅಟ್ಟೆಗೆ ಬಿಗಿಯಲು ಒಳಗಿನಿಂದ ಸ್ಕ್ರೂ, ಮೊಳೆ ಹೊಡೆದಿರಬೇಕು. ಇಲ್ಲಿ ಎರಡು ಸಣ್ಣ ಮೊಳೆ, ಉಳಿದದ್ದೆಲ್ಲ ಅಂಟು.

"ನೋಡಮ್ಮ, ಇದು ಷೋಕೇಸಲ್ಲಿ ಇಡೋಕೆ ಮಾಡಿರೋ ಮಾಲು, ನಡೆಯೋಕಲ್ಲ" ಅಂದರು. ನಕಲಿಗಳಿಗೆ ಮಾರುವವರು ಇಡುವ ಹೆಸರು "ಫಸ್ಟ್ ಕಾಪಿ", "ಸೆವೆನ್ ಎ ಕ್ವಾಲಿಟಿ", "ಮಾಸ್ಟರ್ ಕಾಪಿ", ಎಲ್ಲದರಲ್ಲೂ ಅವರು ಇದನ್ನೇ ನೋಡಿದ್ದಾರಂತೆ. ಹೆಸರು ಬದಲಾಗುತ್ತದೆ, ಒಳಗಿನ ರಟ್ಟು ಬದಲಾಗುವುದಿಲ್ಲ.

ಅವರು ಹೇಳಿಕೊಟ್ಟಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾವ ಬ್ರ್ಯಾಂಡ್ ಆದರೂ, ಐನೂರು ರೂಪಾಯಿಯ ಶೂ ಆದರೂ ಉಪಯೋಗಕ್ಕೆ ಬರುತ್ತದೆ. ಶೂವನ್ನು ಸಮತಟ್ಟಾದ ಮೇಜಿನ ಮೇಲಿಡಿ. ಹಿಮ್ಮಡಿ ಕೂರುವ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿ. ಹೀಲ್ ಹಿಂದೆ ಮುಂದೆ ಸರಿದರೆ, ಪಕ್ಕಕ್ಕೆ ಅಲ್ಲಾಡಿದರೆ ಹಾಕಲೇಬೇಡಿ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳುಗಳ ಬುಡದ ಹತ್ತಿರ ಬಗ್ಗಬೇಕು, ಮಧ್ಯದ ಕಮಾನಿನಲ್ಲಿ ಬಗ್ಗಲೇಬಾರದು. ಬಟ್ಟೆ ಹಿಂಡುವ ಹಾಗೆ ತಿರುಚಿದಾಗ ಕರಕರ ಸದ್ದು ಬಂದರೂ ಅನುಮಾನ ಪಡಿ. ಹಿಂದಿನಿಂದ ನೋಡಿದಾಗ ಎರಡು ಹೀಲೂ ನೆಟ್ಟಗೆ ನಿಂತಿರಬೇಕು. ಒಂದು ವಾಲಿದ್ದರೂ ನಡೆಯುವಾಗ ಕಾಲು ಆ ಕಡೆಗೇ ಹೊರಳುತ್ತದೆ.

"ಕೆಂಪು ಬಣ್ಣ ಉಜ್ಜಿದರೆ ಹೋಗಲ್ಲ, ಅದಕ್ಕೇ ಒರಿಜಿನಲ್" ಅಂತ ಮಾರುವವರು ವೀಡಿಯೋ ಹಾಕುತ್ತಾರಲ್ಲ, ಅದನ್ನು ನಂಬಬೇಡಿ. ನಿಜವಾದ ಲುಬುಟಾನ್ ಅಟ್ಟೆಯ ಕೆಂಪೂ ರಸ್ತೆಯಲ್ಲಿ ನಡೆದರೆ ಸವೆಯುತ್ತದೆ. ಚರ್ಮದ ಅಟ್ಟೆಯ ಮೇಲೆ ಹಚ್ಚಿದ ಬಣ್ಣ ಅದು. ಬಣ್ಣ ಹೋಗದೇ ಇದ್ದರೆ ಪ್ಲಾಸ್ಟಿಕ್ ಅಟ್ಟೆ ಇರಬಹುದು, ಅಷ್ಟೇ.

ಇನ್ನೊಂದು ಮಾತು ತಂಗಿಯ ವಯಸ್ಸಿನ ಹುಡುಗಿಯರಿಗೆ. ಫೋಟೋದಲ್ಲಿ ನಟಿಯರು ಹನ್ನೆರಡು ಸೆಂಟಿಮೀಟರ್ ಹೀಲ್ಸ್‌ನಲ್ಲಿ ನಿಂತಿರುವುದು ಸಲೀಸಾಗಿ ಕಾಣುತ್ತದೆ. ಅವರಲ್ಲಿ ಅನೇಕರು ಕಾರಿನಿಂದ ಕಾರ್ಪೆಟ್‌ಗೆ, ಕಾರ್ಪೆಟ್‌ನಿಂದ ಕುರ್ಚಿಗೆ ಹೋಗುವಷ್ಟೇ ಅದರಲ್ಲಿ ನಡೆಯುವುದು. ಪಕ್ಕದಲ್ಲಿ ಕೈ ಕೊಡಲು ಜನ ಇರುತ್ತಾರೆ. ಹಾಗಿದ್ದೂ ಬೀಳುತ್ತಾರೆ. 1993ರಲ್ಲಿ ಪ್ಯಾರಿಸ್‌ನ ಫ್ಯಾಷನ್ ಶೋದಲ್ಲಿ ಹೆಸರಾಂತ ಮಾಡೆಲ್ ನೇಯೋಮಿ ಕ್ಯಾಂಪ್‌ಬೆಲ್ ಅವರೇ ಡಿಸೈನರ್ ವಿವಿಯನ್ ವೆಸ್ಟ್‌ವುಡ್ ಅವರ ಎತ್ತರದ ಶೂ ಹಾಕಿ ರ‍್ಯಾಂಪ್ ಮೇಲೆ ಕುಸಿದು ಕೂತರು. ಆ ಶೂ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 2018ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರಲ್ಲಿ ಒಬ್ಬರಾಗಿದ್ದ ಕ್ರಿಸ್ಟನ್ ಸ್ಟುವರ್ಟ್ ರೆಡ್ ಕಾರ್ಪೆಟ್ ಮೇಲೆಯೇ ಹೀಲ್ಸ್ ಬಿಚ್ಚಿ, ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಹೋದರು. ಅವರದು ಲುಬುಟಾನ್ ಹೀಲ್ಸೇ. ಅಸಲಿಯದ್ದೇ ಪಾಡು ಇದಾದರೆ, ರಟ್ಟು ತುಂಬಿದ ನಕಲಿ ಹಾಕಿ ಛತ್ರದ ಟೈಲ್ಸ್ ಮೇಲೆ ನಾಲ್ಕು ಗಂಟೆ ನಿಲ್ಲುವವರ ಗತಿ ಏನು?

ಕಾನೂನಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ "ಆನ್‌ಲೈನ್‌ನಲ್ಲಿ ತಗೊಂಡಿದ್ದು, ಬಿಲ್ ಬೇರೆ ಇಲ್ಲ, ಇನ್ನೇನು ಮಾಡೋಕಾಗತ್ತೆ" ಅಂತ ನಮ್ಮ ಮನೆಯಲ್ಲೂ ಎಲ್ಲರೂ ಅಂದರು. ಮಾಡುವುದಕ್ಕೆ ತುಂಬ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದೇ ಇರುವುದೇ ಒಂದು ತಪ್ಪು. ದೋಷ ಇರುವ ವಸ್ತುವನ್ನು ವಾಪಸ್ ತೆಗೆದುಕೊಳ್ಳಲು ಒಪ್ಪದಿರುವುದೂ ತಪ್ಪು. ಬಿಲ್ಲಿನಲ್ಲಿ ಅವಧಿ ಬರೆದಿಲ್ಲದಿದ್ದರೆ 30 ದಿನ. "ನೋ ರಿಟರ್ನ್" ಅಂತ ಬರೆದುಕೊಂಡ ಮಾತ್ರಕ್ಕೆ ನಮ್ಮ ಹಕ್ಕು ಹೋಗುವುದಿಲ್ಲ. ವಸ್ತುವಿನ ದೋಷದಿಂದ ಮೈಗೆ ಪೆಟ್ಟಾದರೆ ಮಾರಿದವರಿಂದ ಪರಿಹಾರ ಕೇಳಲೂ ಇದೇ ಕಾಯ್ದೆಯಲ್ಲಿ ಜಾಗ ಇದೆ. ಮಾರಿದವರು ಮುಂಬೈಯಲ್ಲಿರಲಿ, ದೆಹಲಿಯಲ್ಲಿರಲಿ, ನಿಮ್ಮ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಮೊದಲ ಹೆಜ್ಜೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ದುಡ್ಡು ಹಾಕಿದ ಮೇಲೆ ವಸ್ತುವೇ ಬರದೆ ಪುಟ ಮಾಯವಾದರೆ ಅದು ಸೈಬರ್ ವಂಚನೆ, ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಕೆಂಪು ಅಟ್ಟೆಯ ನಕಲಿ ಬಗ್ಗೆ ನಮ್ಮ ದೇಶದ ಕೋರ್ಟುಗಳೂ ಹೇಳಿವೆ. ದೆಹಲಿ ಹೈಕೋರ್ಟ್ 2017ರಲ್ಲಿ ಲುಬುಟಾನ್‌ನ ಕೆಂಪು ಅಟ್ಟೆಯನ್ನು ಪ್ರಸಿದ್ಧ ಟ್ರೇಡ್‌ಮಾರ್ಕ್ ಅಂತ ಮಾನ್ಯ ಮಾಡಿತು. 2023ರಲ್ಲಿ ಇನ್ನೊಂದು ಪ್ರಕರಣದಲ್ಲಿ ನಕಲು ಮಾಡಿದ ವ್ಯಾಪಾರಿಯಿಂದ ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಅಂತ ಬರೆಸಿಕೊಂಡು, ಮಾತಿಗೆ ತಪ್ಪಿದರೆ 25 ಲಕ್ಷ ಕೊಡಬೇಕು ಅಂದಿತು. ಬಾಲಿವುಡ್ ತಾರೆಯರ ಫೋಟೋಗಳನ್ನು ಇನ್‌ಸ್ಟಾಗ್ರಾಂನಲ್ಲಿ ಬಳಸಿಕೊಂಡ ವಿಷಯ ಆ ಪ್ರಕರಣದಲ್ಲೂ ಬಂದಿದೆ. ಅಂದರೆ ಈ ದಾರಿ ಹಳೆಯದೇ.

ನಮಗೆ ಮಾರಿದ ಪುಟ ಈಗ ಬೇರೆ ಹೆಸರಲ್ಲಿ ಮತ್ತೆ ಬಂದಿದೆ. ಹಿಂದಿನ ಫೋಟೋಗಳೇ, ಹಿಂದಿನ ಮೇಜಿನ ಬಟ್ಟೆಯೇ. ಹೀಲ್ಸ್ ಜೊತೆಗೆ "ಪ್ರಾಡಾ ಸ್ಟೈಲ್ ಕೊಲ್ಹಾಪುರಿ, ಸೆಲೆಬ್ರಿಟಿ ಪಿಕ್" ಅಂತ ಚಪ್ಪಲಿಯನ್ನೂ ಸೇರಿಸಿದ್ದಾರೆ. 2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಬ್ರ್ಯಾಂಡ್ ಪ್ರಾಡಾ ತನ್ನ ಮಿಲಾನ್ ಶೋದಲ್ಲಿ ಕೊಲ್ಹಾಪುರಿ ಥರದ ಚಪ್ಪಲಿ ತೋರಿಸಿ ದೊಡ್ಡ ಗಲಾಟೆ ಆಯಿತಲ್ಲ, ಅದರ ಬೆನ್ನು ಹಿಡಿದಿದ್ದಾರೆ. ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಕೊಲ್ಹಾಪುರಿಗೆ 2019ರಲ್ಲೇ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಅದರಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಇವೆ. ಅಥಣಿ, ನಿಪ್ಪಾಣಿ ಕಡೆ ಚರ್ಮವನ್ನು ಚರ್ಮದ ದಾರದಿಂದಲೇ ಹೊಲಿದು, ಮೊಳೆ ಇಲ್ಲದೆ ಮಾಡುವ ಕುಟುಂಬಗಳು ಇನ್ನೂ ಇವೆ. ಕೊಳ್ಳುವುದಿದ್ದರೆ ಅವರಿಂದ, ಇಲ್ಲವೇ ರಾಜ್ಯ ಸರ್ಕಾರದ ಚರ್ಮೋದ್ಯಮ ನಿಗಮ ಲಿಡ್ಕರ್‌ನ ಮಳಿಗೆಯಿಂದ ಕೊಳ್ಳಿ. ಈ ಪುಟದವರು ತೋರಿಸುವುದು ರೆಕ್ಸಿನ್, ಅಂಚಿನಲ್ಲಿ ಅಂಟು ಹೊರಗೆ ಬಂದಿರುವುದು ಅವರದೇ ಫೋಟೋದಲ್ಲಿ ಕಾಣುತ್ತದೆ.

ನಮ್ಮ ದೂರು ದಾಖಲಾಗಿದೆ. ಇಂಥ ಯಾವುದೇ ಪುಟದಿಂದ ನೀವೂ ಕೊಂಡಿದ್ದರೆ, ಕಾಲಿಗೆ ಏನೂ ಆಗದಿದ್ದರೂ, 1915ಕ್ಕೆ ಹೇಳಿ. ಚಾಟ್‌ನ ಸ್ಕ್ರೀನ್‌ಶಾಟ್ ಬ್ಲಾಕ್ ಆಗುವ ಮೊದಲೇ ತೆಗೆದಿಟ್ಟುಕೊಳ್ಳಿ, ಯುಪಿಐ ರಸೀದಿ ಅಳಿಸಬೇಡಿ, ಮುರಿದ ಶೂ ಬಿಸಾಡಬೇಡಿ. ಡಬ್ಬದ ಮೇಲಿನ ಕೊರಿಯರ್ ಚೀಟಿಯನ್ನಂತೂ ಹರಿಯಲೇಬೇಡಿ. ಪುಟದಲ್ಲಿ ಹೆಸರು, ವಿಳಾಸ ಏನೂ ಇರಲಿಲ್ಲ, ಕಳಿಸಿದವರ ವಿಳಾಸ ನಮಗೆ ಸಿಕ್ಕಿದ್ದು ಆ ಚೀಟಿಯಿಂದಲೇ.